ಹತ್ತು ದಿನದ ಹೆಸರು

2024ರ ಬೇಸಿಗೆಯಲ್ಲಿ ನಾನು ಮಸ್ಕಿಗೂ ಲಿಂಗಸೂಗೂರಿಗೂ ನಡುವಿನ ಒಂದು ಹೋಬಳಿಯಲ್ಲಿ ಉಪ ತಹಶೀಲ್ದಾರ್ ಆಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಮನೆ ಸಿಂಧನೂರಿನಲ್ಲಿ. ಬೆಳಿಗ್ಗೆ ಏಳೂವರೆಯ ಬಸ್ಸು ಹತ್ತಿ, ಮಸ್ಕಿಯಲ್ಲಿ ಇಳಿದು, ಇನ್ನೊಂದು ಬಸ್ಸಿಗಾಗಿ ಕಾದು, ಹತ್ತಕ್ಕೆ ಕಚೇರಿಯ ಬಾಗಿಲು ತೆಗೆಸುತ್ತಿದ್ದೆ. ಈ ಪ್ರಕರಣ ನಡೆದ ಊರಿನ ಹೆಸರನ್ನು ಬರೆಯುವುದಿಲ್ಲ. ಅಲ್ಲಿನವರು ಬೇಕಾದಷ್ಟು ಕಡೆ ಹೆಸರು ಬರೆಸಿ ಸೋತಿದ್ದಾರೆ, ಮತ್ತೊಂದು ಕಡೆ ಬೇಡ.

ಆ ವರ್ಷ ನಮಗೆಲ್ಲ ಒಂದೇ ಕೆಲಸ. ಪಹಣಿಗೆ ಆಧಾರ್ ಜೋಡಿಸುವುದು. ಪಹಣಿ ಎಂದರೆ ಹೊಲ ಯಾರದು, ಎಷ್ಟು ಎಕರೆ, ಏನು ಬೆಳೆ ಎಂದು ಹೇಳುವ ಹಾಳೆ. ಗ್ರಾಮ ಆಡಳಿತ ಅಧಿಕಾರಿ ಮನೆಮನೆಗೆ ಹೋಗಿ, ಹೊಲದ ಒಡೆಯರ ಹೆಬ್ಬೆಟ್ಟನ್ನು ಯಂತ್ರದ ಮೇಲೆ ಇಡಿಸಬೇಕು. ಆಗ ಮೊಬೈಲಿನ ಆ್ಯಪ್‌ನಲ್ಲಿ ಆಧಾರ್‌ನ ಹೆಸರು ಮೂಡುತ್ತದೆ. ಅದು ಪಹಣಿಯ ಹೆಸರಿಗೆ ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಕೆಂಪು ಬಂದವರ ಪಹಣಿ ‘ಬಾಕಿ’ ಎಂದು ಉಳಿಯುತ್ತದೆ. ಬಾಕಿ ಉಳಿದರೆ ಹೊಲಕ್ಕೇನೂ ಆಗುವುದಿಲ್ಲ, ಮೊದಲು ಹೇಗಿತ್ತೋ ಹಾಗೇ ಇರುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ನಾನು ಮರೆತೆ.

ನಾನು ಈ ಜೋಡಣೆಯನ್ನು ಮನಸಾರೆ ನಂಬಿದ್ದವಳು. ಬೇರೊಬ್ಬ ಹೆಂಗಸನ್ನು ನೋಂದಣಿಗೆ ಕರೆತಂದು, ಇವಳೇ ನನ್ನ ತಂಗಿ ಎಂದು ತಂಗಿಯ ಹೊಲವನ್ನೇ ಮಾರಿದ ಅಣ್ಣನನ್ನು ನಾನು ನೋಡಿದ್ದೇನೆ. ಆ ತಂಗಿ ನನ್ನ ಮೇಜಿನ ಮುಂದೆ ಕೂತು ಅತ್ತದ್ದೂ ಗೊತ್ತು. ಹೆಬ್ಬೆಟ್ಟು ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. ಹೀಗಾಗಿ ಯಾರಾದರೂ ಬೇಡ ಎಂದರೆ ನನಗೆ ಸಿಟ್ಟು ಬರುತ್ತಿತ್ತು. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದರೆ ನಿಮ್ಮದೇನು ತಕರಾರು ಎಂದು ದಬಾಯಿಸುತ್ತಿದ್ದೆ.

ಜೂನ್ ಹೊತ್ತಿಗೆ ಹೋಬಳಿಯ ಉಳಿದ ಊರುಗಳೆಲ್ಲ ಮುಗಿದವು. ಒಂದು ಊರಿನ ಒಂದು ಕೇರಿ ಮಾತ್ರ ಉಳಿಯಿತು. ಪರಿಶಿಷ್ಟ ಜಾತಿಯವರ ಕೇರಿ, ಮೂವತ್ತೆಂಟು ಪಹಣಿ. ವಾರಕ್ಕೊಮ್ಮೆ ವಿಡಿಯೋ ಮೀಟಿಂಗ್ ನಡೆಯುತ್ತಿತ್ತು. ಹಿಂದೆ ಬಿದ್ದ ಹೋಬಳಿಗಳ ಹೆಸರನ್ನು ಎಲ್ಲರೂ ಕೇಳುವಂತೆ ಓದುತ್ತಿದ್ದರು. ಆ ಮೂವತ್ತೆಂಟರಿಂದಾಗಿ ನನ್ನ ಹೋಬಳಿಯ ಹೆಸರು ಮೂರು ವಾರ ಓದಿಸಿಕೊಂಡಿತು. ಮೂವತ್ತು ವರ್ಷ ನೌಕರಿ ಮಾಡಿದವಳಿಗೆ ಅದು ಮುಖಕ್ಕೆ ಮಸಿ ಬಳಿದ ಹಾಗಾಗಿತ್ತು.

ಗ್ರಾಮ ಆಡಳಿತ ಅಧಿಕಾರಿ ಬಸವರಾಜನನ್ನು ಕರೆದು ಕೇಳಿದೆ. ಅವನು ಮಸ್ಕಿಯವನು, ನಾಲ್ಕು ಮಾತಿನ ಕಡೆ ಎರಡೇ ಆಡುವ ಮನುಷ್ಯ.

“ಯಾಕಂತ ಅವರದು? ಹೊಲ ಕಸಗೊಂತಾರ ಅಂತ ಯಾರರ ಕಿವಿ ಊದ್ಯಾರೇನು?”

“ಹಂಗೇನಿಲ್ರಿ ಮೇಡಂ. ಅವರಿಗೆ ಉರ್ಫ್ ಬೇಕಂತ್ರಿ. ಆ್ಯಪ್‌ನ್ಯಾಗ ಉರ್ಫ್ ಇಲ್ಲ.”

ಅಷ್ಟು ಹೇಳಿ ಒಂದು ಹಾಳೆ ಕೊಟ್ಟ. ಕೇರಿಯವರ ಮನವಿ. ‘ಉರ್ಫ್ ಬರೆದರೆ ಹೆಬ್ಬೆಟ್ಟು ಕೊಡುತ್ತೇವೆ, ಬರೆಯದಿದ್ದರೆ ಕೊಡುವುದಿಲ್ಲ’ ಎಂಬ ಒಂದೇ ಸಾಲು. ಅದರ ಕೆಳಗೆ ನೀಲಿ ಮಸಿಯಲ್ಲಿ ಮೂವತ್ತೆಂಟು ಹೆಬ್ಬೆಟ್ಟಿನ ಗುರುತು. ಹೆಬ್ಬೆಟ್ಟು ಕೊಡುವುದಿಲ್ಲ ಎಂಬುದಕ್ಕೆ ಇಷ್ಟೊಂದು ಹೆಬ್ಬೆಟ್ಟು ಕೊಟ್ಟಿದ್ದಾರಲ್ಲ ಎಂದು ನಾನೂ ಬಸವರಾಜನೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆ ನಗೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಉರ್ಫ್ ಎಂಬುದು ನಿಜಾಮರ ಕಾಲದ ಕಡತಗಳಿಂದ ನಮ್ಮ ಕಂದಾಯ ಇಲಾಖೆಗೆ ಇಳಿದುಬಂದ ಮಾತು. ‘ಈ ಹೆಸರೂ ಉಂಟು, ಆ ಹೆಸರೂ ಉಂಟು’ ಎಂದು ಅರ್ಥ. ನಮ್ಮ ಭಾಗದಲ್ಲಿ ಒಬ್ಬ ಮನುಷ್ಯನಿಗೆ ಒಂದೇ ಹೆಸರು ಇರುವುದು ಕಡಿಮೆ. ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ, ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ, ಆದ್ದರಿಂದ ಹಡೆದ ತಾಯಿ ಕರೆಯಲು ಇನ್ನೊಂದು ಹೆಸರು ಹುಟ್ಟುತ್ತದೆ. ಹಳೆಯ ಗುಮಾಸ್ತರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ‘ಬಸಪ್ಪ ಉರ್ಫ್ ಮುದಕಪ್ಪ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದರು. ಎರಡೇ ಅಕ್ಷರ ಜಾಗ ಹಿಡಿಯುವ ಆ ಮಾತಿನಿಂದ ಎಷ್ಟು ಜಗಳ ತಪ್ಪುತ್ತಿತ್ತು ಎಂಬುದು ಅದು ಹೋದ ಮೇಲೆ ತಿಳಿಯಿತು.

ಮರುದಿನ ನಾನೇ ಹೋದೆ. ಕೇರಿಯ ನಡುವೆ ಒಂದು ಮಸೂತಿ ಇದೆ. ನಮ್ಮ ಕಡೆ ಮೊಹರಂನಲ್ಲಿ ಪೀರಲ ದೇವರನ್ನು, ಅಂದರೆ ಬಟ್ಟೆ ಸುತ್ತಿದ ಲೋಹದ ಹಸ್ತಗಳನ್ನು, ಕೂಡಿಸುವ ಸಣ್ಣ ಮನೆಗೆ ಮಸೂತಿ ಎನ್ನುತ್ತಾರೆ. ಪೂಜೆಯ ಹಕ್ಕು ಒಂದು ಮುಸ್ಲಿಂ ಮನೆತನದ್ದು, ನಡೆದುಕೊಳ್ಳುವವರು ಊರಿನ ಎಲ್ಲ ಜಾತಿಯವರು. ಅದರ ಕಟ್ಟೆಯ ಮೇಲೆ ಹೆಂಗಸರೂ ಗಂಡಸರೂ ಕೂತಿದ್ದರು. ಬಸವರಾಜ ಯಂತ್ರ ತೆಗೆದ ಕೂಡಲೇ ಹೆಂಗಸರೆಲ್ಲ ಹೆಬ್ಬೆಟ್ಟನ್ನು ಮಡಚಿ ಮುಷ್ಟಿಯೊಳಗಿಟ್ಟು, ಮುಷ್ಟಿಯನ್ನು ಸೆರಗಿನೊಳಗಿಟ್ಟರು. ಕೂಗಾಟವಿಲ್ಲ, ಧಿಕ್ಕಾರವಿಲ್ಲ. ಅಂಥ ವಿರೋಧವನ್ನು ನಾನು ಕಂಡಿರಲಿಲ್ಲ.

ಅವರ ಪರವಾಗಿ ಮಾತಾಡಿದವಳು ದುರುಗಮ್ಮ. ಅರವತ್ತರ ಆಸುಪಾಸು, ಸಣಕಲು ಮೈ, ಎಲೆಅಡಿಕೆ ತಿಂದು ಕೆಂಪಾದ ಬಾಯಿ. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಭೂಮಿಯಿಲ್ಲದ ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಹೊಲ ಮಂಜೂರು ಮಾಡಿದಾಗ ಅವಳ ಹೆಸರಿಗೇ ಮೂರು ಎಕರೆ ಕಪ್ಪು ಎರೆಹೊಲ ಬಂದಿತ್ತು. ಅದರಲ್ಲಿ ತೊಗರಿ, ಸಜ್ಜೆ ಬೆಳೆದು, ಯಾರ ಮನೆ ಬಾಗಿಲಿಗೂ ಹೋಗದೆ ಬದುಕಿದವಳು. ಆ ಮೂರು ಎಕರೆ ಬಿಟ್ಟರೆ ಅವಳಿಗೆ ಬೇರೆ ಏನೂ ಇರಲಿಲ್ಲ.

ಅವಳ ಪಹಣಿಯಲ್ಲಿ ‘ದುರುಗಮ್ಮ’ ಎಂದಿತ್ತು. ಆಧಾರ್‌ನಲ್ಲಿ ‘ಹುಸೇನಬಿ’ ಎಂದಿತ್ತು. ಕೇರಿಯಲ್ಲಿ ಹೀಗೆ ಹೊಂದದ ಪಹಣಿ ಹನ್ನೊಂದು. ಯಮನೂರಪ್ಪ ಎಂಬಾತ ಆಧಾರ್‌ನಲ್ಲಿ ಇಮಾಮಸಾಬ್ ಆಗಿದ್ದ, ಹನುಮಂತ ಫಕೀರಸಾಬ್ ಆಗಿದ್ದ. ಬರೆದುಕೊಂಡವನು ಕುಡಿದು ಬರೆದಿರಬೇಕು ಎಂದೆ. ದುರುಗಮ್ಮನಿಗೆ ಸಿಟ್ಟು ಬಂತು.

“ಅವನ್ಯಾಕ ಬೈತಿ ಯಮ್ಮಾ? ಅಂವ ನಾವು ಹೇಳಿದ್ದನ್ನ ಬರದಾನ. ನಮ್ಮವ್ವಗ ನನಗಿಂತ ಮೊದಲ ಐದು ಹುಟ್ಟಿ ಐದೂ ಹೋದ್ವು. ಆರನೇದು ನಾ. ಇದೊಂದು ಉಳಸು, ವರ್ಷಾ ಹತ್ತು ದಿನ ನಿನ್ನ ಮಗಳು ಮಾಡ್ತೀನಿ ಅಂತ ಮುದಗಲ್ಲ ಪೀರಲ ದೇವ್ರಿಗೆ ಬೇಡಿಕೊಂಡ್ಲು. ದೇವರು ಕುಂತ ಹತ್ತು ದಿನ ನಾ ಹುಸೇನಬಿ. ಆಗ ದುರುಗಮ್ಮ ಅಂತ ಕರದ್ರ ಓ ಅನ್ನಂಗಿಲ್ಲ. ಅಂದ್ರ ಕೊಟ್ಟ ಉಸಿರು ತಿರುಗಿ ತಗೊಂತಾನ.”

“ಆಧಾರ್ ಬರಿಸಿದ್ದು ಯಾವಾಗ?”

“ಆ ವರ್ಷ ಮೊಹರಂ ಆರನೇ ದಿನ, ಇದೇ ಕಟ್ಟಿ ಮ್ಯಾಲ. ಕೈಗೆ ಲಾಡಿ ದಾರ ಕಟಗೊಂಡು ಹರಕಿ ಫಕೀರ ಆಗಿದ್ವಿ ಎಲ್ಲಾರು. ಹೆಸರೇನವಾ ಅಂದ್ರು. ದೇವರ ಮುಂದ ನಿಂತು ಸುಳ್ಳು ಹೇಳಲೇನು? ಹುಸೇನಬಿ ಅಂದೆ.”

ಸಿಂಧನೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ಹರಕೆಯ ಮಕ್ಕಳಿಗೆ ಹುಸೇನಪ್ಪ, ಮೌಲಪ್ಪ ಎಂದು ಹೆಸರಿಡುವುದು ಗೊತ್ತು. ನಮ್ಮ ಓಣಿಯಲ್ಲೇ ಇಬ್ಬರು ಹುಸೇನಪ್ಪರಿದ್ದರು. ಆದರೆ ಹತ್ತು ದಿನಕ್ಕೊಂದು, ಉಳಿದ ದಿನಗಳಿಗೊಂದು ಎಂದು ಎರಡು ಹೆಸರನ್ನು ಪಾಳಿಯಲ್ಲಿ ಬಾಳುವ ಈ ಕೇರಿಯ ಪದ್ಧತಿ ಗೊತ್ತಿರಲಿಲ್ಲ. ಆಧಾರ್ ಶಿಬಿರ ಮೊಹರಂ ಮುಗಿದ ಮರುವಾರ ನಡೆದಿದ್ದರೆ ಈ ಕಥೆಯೇ ಇಲ್ಲ. ಯಾರ ತಪ್ಪು ಎಂದು ಹುಡುಕಿದರೆ ಯಾರದೂ ಅಲ್ಲ. ಕೇಳಿದವನು ಸರಿಯಾಗಿ ಕೇಳಿದ್ದ, ಹೇಳಿದವರು ಸತ್ಯವನ್ನೇ ಹೇಳಿದ್ದರು.

ಇಷ್ಟು ವರ್ಷ ಇದರಿಂದ ತೊಂದರೆಯೂ ಆಗಿರಲಿಲ್ಲ. ರೇಷನ್ ಅಂಗಡಿಯಲ್ಲಿ ಬೆರಳು ಹೊಂದಿದರೆ ಸಾಕು, ಹೆಸರು ಯಾರು ಓದುತ್ತಾರೆ? ಅಂಗಡಿಯವನಿಗೆ ಇಬ್ಬರೂ ಒಬ್ಬಳೇ ಎಂದು ಗೊತ್ತಿತ್ತು. ಹೊಲದ ವಿಷಯಕ್ಕೆ ಬಂದಾಗ ಮಾತ್ರ ಕೇರಿಯವರು ಗಟ್ಟಿಯಾಗಿ ನಿಂತರು. ಹೆಸರು ಹೊಂದಿದ ಇಪ್ಪತ್ತೇಳು ಮಂದಿಗೆ ಯಾವ ಅಡ್ಡಿಯೂ ಇರಲಿಲ್ಲ, ಆದರೂ ಹನ್ನೊಂದು ಮಂದಿಯ ಜೊತೆ ಅವರೂ ಮುಷ್ಟಿ ಮಡಚಿದ್ದರು. ಹೊಲದ ಕಾಗದದಲ್ಲಿ ಎರಡೂ ಹೆಸರು ಇರಲಿ, ನಡುವೆ ಉರ್ಫ್ ಇರಲಿ, ಅಷ್ಟೇ ಅವರ ಬೇಡಿಕೆ. ಓದುಬರಹ ಬಾರದ ಜನ, ಕಾಗದದ ವ್ಯವಹಾರದಲ್ಲಿ ನನಗಿಂತ ಮುಂದೆ ಯೋಚಿಸಿದ್ದರು.

ನಾನು ಆಗಲೇ ವಾಪಸ್ ಬಂದು ‘ಹನ್ನೊಂದು ಬಾಕಿ’ ಎಂದು ಬರೆದು ಸುಮ್ಮನಾಗಬಹುದಿತ್ತು. ನಿಯಮದಲ್ಲಿ ಅವಕಾಶವಿತ್ತು. ಆದರೆ ನೂರಕ್ಕೆ ನೂರು ಎನ್ನುವುದು ಕೆಟ್ಟ ರುಚಿ, ಒಮ್ಮೆ ನಾಲಿಗೆಗೆ ಹತ್ತಿದರೆ ಬಿಡುವುದಿಲ್ಲ. ತಾಂತ್ರಿಕ ಸಹಾಯದ ನಂಬರಿಗೆ ಫೋನ್ ಮಾಡಿ ದಾರಿ ಕೇಳಿದೆ. ಆ ಕಡೆಯಿಂದ ಮಾತಾಡಿದವರು ಬಹಳ ಸೌಜನ್ಯದಿಂದ ತಿಳಿಸಿದರು. ಆಧಾರ್‌ನ ಹೆಸರನ್ನು ನಾವು ಮುಟ್ಟುವಂತಿಲ್ಲ, ಪಹಣಿಯ ಹೆಸರನ್ನು ಮಹಜರಿನ ಆಧಾರದ ಮೇಲೆ ಆಧಾರ್‌ಗೆ ತಕ್ಕಂತೆ ತಿದ್ದಬಹುದು. ಮಹಜರು ಎಂದರೆ ಊರವರ ಸಮಕ್ಷಮ ಬರೆದ ತನಿಖೆ. ಹಳೆಯ ಹೆಸರನ್ನು ‘ಷರಾ’ ಕಾಲಂನಲ್ಲಿ, ಅಂದರೆ ಟಿಪ್ಪಣಿಯ ಜಾಗದಲ್ಲಿ ಬರೆಯಬಹುದು ಎಂದರು.

“ಅಲ್ಲಿ ಉರ್ಫ್ ಅಂತ ಬರೆದ್ರ ತಗೊಂತೈತಾ?”

“ಷರಾದಲ್ಲಿ ಏನು ಬೇಕಾದ್ರೂ ಬರೀಬಹುದು ಮೇಡಂ.”

ಏನು ಬೇಕಾದರೂ ಬರೆಯಲು ಬಿಡುವ ಜಾಗವನ್ನು ಯಾರೂ ಓದುವುದಿಲ್ಲ ಎಂದು ಮೂವತ್ತು ವರ್ಷದ ಅನುಭವ ನನಗೆ ಹೇಳಬೇಕಿತ್ತು. ಹೇಳಲಿಲ್ಲ.

ಗುರುವಾರ ಮತ್ತೆ ಕೇರಿಗೆ ಹೋದೆ. ಮಹಜರು ಬರೆಸಿದೆ. ಮಸೂತಿಯ ಪೂಜೆ ನಡೆಸುವ ಮುಜಾವರ್ ಮೌಲಾಸಾಬ್, ಎಪ್ಪತ್ತು ದಾಟಿದವರು, ಸಾಕ್ಷಿಯಾಗಿ ಸಹಿ ಹಾಕಿದರು. ದುರುಗಮ್ಮನ ಪಹಣಿಯನ್ನು ಪರದೆಯ ಮೇಲೆ ತೆರೆಸಿ, ಹೆಸರಿನ ಜಾಗದಲ್ಲಿ ‘ಹುಸೇನಬಿ’ ಎಂದು ತಿದ್ದಿ, ಷರಾ ಕಾಲಂನಲ್ಲಿ ‘ದುರುಗಮ್ಮ ಉರ್ಫ್ ಹುಸೇನಬಿ’ ಎಂದು ನನ್ನ ಕೈಯಾರೆ ಒತ್ತಿದೆ. ಮೊಬೈಲನ್ನು ಮೌಲಾಸಾಬರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನಿಧಾನಕ್ಕೆ ಓದಿದರು.

“ಬರದಾರ ಬೇಟಿ. ಉರ್ಫ್ ಬರದಾರ. ಎರಡೂ ಹೆಸರು ಅದಾವ.”

ದುರುಗಮ್ಮ ನನ್ನ ಮುಖ ನೋಡಿದಳು. “ನೀ ಅಂತಿ ಅಂತ ಕೊಡ್ತೀನಿ. ಆ ಡಬ್ಬಿ ಮಾತಿಗೆ ಕೊಡಾಕತ್ತಿಲ್ಲ” ಎಂದು ಸೆರಗಿನಿಂದ ಕೈ ಹೊರಗೆ ತೆಗೆದು, ಹೆಬ್ಬೆಟ್ಟು ಒರೆಸಿಕೊಂಡು, ಯಂತ್ರದ ಮೇಲೆ ಇಟ್ಟಳು. ಅವಳು ಕೊಟ್ಟ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಎರಡು ದಿನದಲ್ಲಿ ಮೂವತ್ತೆಂಟೂ ಮುಗಿಯಿತು.

ಮುಗಿಸುವ ಮುನ್ನ ಆ್ಯಪ್ ನನ್ನಿಂದ ಒಂದು ದೃಢೀಕರಣ ಕೇಳುತ್ತಿತ್ತು. ‘ಆಧಾರ್‌ನಲ್ಲಿರುವ ಹೆಸರೇ ಸದರಿಯವರ ಸರಿಯಾದ ಹೆಸರೆಂದು ಖಚಿತಪಡಿಸಿಕೊಂಡಿರುತ್ತೇನೆ.’ ಪಕ್ಕದ ಚೌಕದಲ್ಲಿ ಟಿಕ್ ಹಾಕದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ಹನ್ನೊಂದು ಸಲ ಟಿಕ್ ಹಾಕಿದೆ. ಮುಂದಿನ ವಿಡಿಯೋ ಮೀಟಿಂಗಿನಲ್ಲಿ ನನ್ನ ಹೋಬಳಿಯ ಹೆಸರು ಮತ್ತೆ ಓದಿದರು, ಈ ಸಲ ಹೊಗಳಿ. ಸಾರ್ವಜನಿಕರ ವಿರೋಧವನ್ನು ಮನವೊಲಿಕೆಯಿಂದ ನಿವಾರಿಸಿದ ಮಾದರಿ ಎಂದರು. ಪ್ರಶಂಸಾ ಪತ್ರವೂ ಬಂತು. ಮಸ್ಕಿಯಿಂದ ಪೇಡೆ ತರಿಸಿ ಕಚೇರಿಯಲ್ಲಿ ಹಂಚಿದೆ. ನಿವೃತ್ತಿಯ ಹೊಸ್ತಿಲಲ್ಲಿ ಇಂಥದ್ದೊಂದು ಸಿಕ್ಕಿತಲ್ಲ ಎಂದು ಹಿಗ್ಗಿದ್ದು ನಿಜ.

ನವೆಂಬರ್‌ನಲ್ಲಿ ದುರುಗಮ್ಮ ಕಚೇರಿಗೆ ಬಂದಳು. ಕೈಯಲ್ಲಿ ಎರಡು ನೋಟೀಸು. ಒಂದು ದುರುಗಮ್ಮನಿಗೆ: ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಹುಸೇನಬಿ ಎಂಬುವರಿಗೆ ಏಕೆ ಪರಭಾರೆ ಮಾಡಿದಿರಿ? ಇನ್ನೊಂದು ಹುಸೇನಬಿಗೆ: ಸದರಿ ಜಮೀನನ್ನು ದುರುಗಮ್ಮ ಎಂಬುವರಿಂದ ಏಕೆ ಪಡೆದಿರಿ? ಎರಡನ್ನೂ ಒಂದೇ ಬಾಗಿಲಿಗೆ ತಂದುಕೊಟ್ಟ ಜವಾನ, ಎರಡಕ್ಕೂ ಅವಳಿಂದಲೇ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ.

ಇಲ್ಲೊಂದು ಕಾನೂನು ವಿವರಿಸಬೇಕು. ಪರಿಶಿಷ್ಟರಿಗೆ ಮಂಜೂರಾದ ಹೊಲವನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ಬಲವಿದ್ದವರು ಬಡವರ ಹೊಲವನ್ನು ಪುಡಿಗಾಸಿಗೆ ಬರೆಸಿಕೊಳ್ಳಬಾರದು ಎಂದು ಮಾಡಿದ ಒಳ್ಳೆಯ ಕಾನೂನು ಅದು. ಅಂಥ ಹೊಲಗಳ ಪಹಣಿಯಲ್ಲಿ ಹೆಸರು ಬದಲಾದರೆ ಗಣಕಯಂತ್ರ ತಾನೇ ಗುರುತಿಸಿ ಮೇಲಿನ ಕಚೇರಿಗೆ ಪಟ್ಟಿ ಕಳಿಸುವ ವ್ಯವಸ್ಥೆ ಆ ವರ್ಷ ಹೊಸದಾಗಿ ಬಂದಿತ್ತು. ಪಟ್ಟಿಯಲ್ಲಿ ಹಳೆಯ ಹೆಸರು ಬರುತ್ತದೆ, ಹೊಸ ಹೆಸರು ಬರುತ್ತದೆ. ಷರಾ ಬರುವುದಿಲ್ಲ. ನಾನು ಪಹಣಿಯ ಹೊಸ ಪ್ರತಿ ತೆಗೆಸಿ ನೋಡಿದೆ. ಅದರಲ್ಲೂ ಷರಾ ಅಚ್ಚಾಗಿರಲಿಲ್ಲ. ನಾನು ಕೈಯಾರೆ ಒತ್ತಿದ ಉರ್ಫ್ ಆ ಮೊಬೈಲಿನ ಪರದೆಯಿಂದ ಆಚೆಗೆ ಹೋಗಿಯೇ ಇರಲಿಲ್ಲ.

ಹನ್ನೊಂದರಲ್ಲಿ ಎಂಟು ಹೊಲಗಳು ಪಿತ್ರಾರ್ಜಿತ, ಅವಕ್ಕೆ ಈ ಕಾನೂನು ಅನ್ವಯಿಸಲಿಲ್ಲ. ಮಂಜೂರಾದವು ಮೂರು. ಇಬ್ಬರು ಗಂಡಸರ ಬಳಿ ಶಾಲೆಯ ಟಿ.ಸಿ. ಇತ್ತು, ಅದನ್ನು ತೋರಿಸಿ ಆಧಾರ್‌ನಲ್ಲಿ ಹೆಸರು ಸರಿಮಾಡಿಸಿಕೊಂಡು ಪಾರಾದರು. ದುರುಗಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮತದಾರರ ಚೀಟಿಯಲ್ಲಿ ‘ದುಗ್ಗಮ್ಮ’ ಎಂದಿತ್ತು, ವಯಸ್ಸು ಹನ್ನೆರಡು ವರ್ಷ ಹೆಚ್ಚಿತ್ತು. ಹಳೆಯ ರೇಷನ್ ಕಾರ್ಡಿನಲ್ಲಿ ದುರುಗಮ್ಮ ಎಂದೇ ಇತ್ತಂತೆ, ಹೊಸದು ಕೊಡುವಾಗ ಅದನ್ನು ವಾಪಸ್ ಪಡೆದಿದ್ದರು. ದುರುಗಮ್ಮ ಎಂಬ ಹೆಂಗಸು ಇದ್ದಾಳೆ ಎನ್ನಲು ಉಳಿದಿದ್ದ ಒಂದೇ ಗಟ್ಟಿ ಕಾಗದ ಅವಳ ಪಹಣಿ. ಅದನ್ನು ನಾನು ತಿದ್ದಿದ್ದೆ.

ಹೆಸರು ತಿದ್ದುಪಡಿಗೆ ಅವಳಿಂದ ಎರಡು ಸಲ ಅರ್ಜಿ ಹಾಕಿಸಿದೆ. ಪೂರ್ತಿ ಬೇರೆ ಹೆಸರಿಗೆ ಬದಲಾಯಿಸಲು ಸೂಕ್ತ ದಾಖಲೆ ಇಲ್ಲವೆಂದು ಎರಡು ಸಲವೂ ತಿರಸ್ಕೃತವಾಯಿತು. ನಾನು ಬರೆದ ಪತ್ರಗಳಿಗೆ ‘ಸ್ವೀಕರಿಸಲಾಗಿದೆ’ ಎಂಬ ಉತ್ತರ ಬಂತು.

ಫೆಬ್ರವರಿಯಲ್ಲಿ ಮೇಲಿನ ಕಚೇರಿಯಲ್ಲಿ ವಿಚಾರಣೆ. ಅವಳ ಜೊತೆ ಮೌಲಾಸಾಬರೂ ಬಂದಿದ್ದರು, ನಾನು ಸಾಕ್ಷಿಯಾಗಿ ಹೋಗಿದ್ದೆ. ಗುಮಾಸ್ತ ‘ದುರುಗಮ್ಮ’ ಎಂದು ಕೂಗಿದ. ಅವಳು ಓ ಎಂದು ಮುಂದೆ ಬಂದಳು. ‘ಹುಸೇನಬಿ’ ಎಂದು ಕೂಗಿದ. ಅವಳೇ ಮತ್ತೆ ಓ ಎಂದಳು. ಗುಮಾಸ್ತ ತಲೆ ಎತ್ತಿ, “ಆಕಿನ್ನೂ ಕರಕೊಂಡು ಬರಬೇಕವಾ. ಇಬ್ಬರೂ ಇರಬೇಕು” ಎಂದ. ಮೊಹರಂ ಇನ್ನೂ ನಾಲ್ಕೈದು ತಿಂಗಳು ದೂರವಿತ್ತು. ಆ ದಿನ ಹುಸೇನಬಿ ಎಂಬ ಕರೆಗೆ ಓ ಎನ್ನಬೇಕಿರಲಿಲ್ಲ, ಹೊಲಕ್ಕಾಗಿ ಎಂದಳು.

ವಿಚಾರಣೆಯ ಅಧಿಕಾರಿ ದಕ್ಷಿಣದ ಕಡೆಯವರು. ಕೆಟ್ಟವರಲ್ಲ. ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಕೇಳಿದರು.

“ಭಯ ಪಡಬೇಡಿ. ನಿಮ್ಮ ನಿಜವಾದ ಹೆಸರು ಯಾವುದು, ಅಷ್ಟು ಹೇಳಿ ಸಾಕು.”

“ಯಾವ ದಿನದಾಗ ಕೇಳಾಕತ್ತೀರಿ ಸಾಹೇಬ್ರ?”

ಅವರು ನನ್ನ ಕಡೆ ನೋಡಿದರು. ಉದ್ಧಟತನ ಎಂದುಕೊಂಡರೋ, ಬುದ್ಧಿ ಸ್ಥಿಮಿತವಿಲ್ಲ ಎಂದುಕೊಂಡರೋ ತಿಳಿಯದು. ನಾನು ಎದ್ದು ಎಲ್ಲವನ್ನೂ ವಿವರಿಸಿದೆ. ಮೌಲಾಸಾಬರು ತಮ್ಮ ಅಜ್ಜನ ಕಾಲದಿಂದ ಬಂದ ಹರಕೆಯ ಹೆಸರುಗಳ ವಹಿಪುಸ್ತಕವನ್ನು ಬಟ್ಟೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟರು. ಅದರಲ್ಲಿ ಉರ್ದುವಿನಲ್ಲಿ ಅವಳ ತಾಯಿಯ ಹೆಸರು, ಅವಳ ಹೆಸರು, ನಡುವೆ ಉರ್ಫ್, ಆಮೇಲೆ ಹರಕೆಯ ಹೆಸರು, ಎಲ್ಲವೂ ಇತ್ತು.

“ಹತ್ತು ದಿನ ಈಕಿ ನಮ್ಮ ದೇವ್ರ ಮಗಳು ಸಾಬ್. ಬಾಕಿ ದಿನ ಅವರ ದುರುಗಮ್ಮ ದೇವಿ ಮಗಳು. ನಮ್ಮಲ್ಲಿ ಯಾರಿಗೂ ಇದು ಗೊತ್ತಿಲ್ದ ಮಾತಲ್ಲ” ಎಂದರು.

ಅಧಿಕಾರಿ ಆ ವಹಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದರು.

“ಮೇಡಂ, ಆಕೆಗೆ ಒಳ್ಳೆಯದಾಗಲಿ ಅಂತ ಹೇಳ್ತಿದೀನಿ. ಇದನ್ನ ಕಡತಕ್ಕೆ ಸೇರಿಸಬೇಡಿ. ಆ ಮುಸ್ಲಿಂ ಹೆಸರು ನಿಜ ಅಂತ ನಾನು ಒಪ್ಪಿದರೆ, ಪರಿಶಿಷ್ಟ ಜಾತಿಯವಳು ಅಂತ ಜಮೀನು ಹೇಗೆ ಕೊಟ್ಟರು ಅಂತ ಇನ್ನೊಂದು ಕೇಸ್ ಶುರುವಾಗುತ್ತೆ. ಸುಳ್ಳು ಅಂದರೆ, ಖಚಿತಪಡಿಸಿಕೊಂಡಿದ್ದೇನೆ ಅಂತ ನೀವೇ ದೃಢೀಕರಿಸಿದ್ದೀರಿ.”

ನಾನು ಟಿಕ್ ಹಾಕಿದ ಹಾಳೆಯ ಪ್ರತಿ ಅವರ ಕಡತದಲ್ಲಿತ್ತು. ಕೆಳಗೆ ನನ್ನ ಡಿಜಿಟಲ್ ಸಹಿ. ಷರಾದಲ್ಲಿ ಬರೆದಿದ್ದೇನೆ ಎಂದೆ. ಷರಾ ನಮಗೆ ಕಾಣುವುದಿಲ್ಲ ಎಂದರು. ಮೌಲಾಸಾಬರು ವಹಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡರು. ಲಾಯರನ್ನು ಹಿಡಿಯೋಣ ಎಂದು ನಾನು ಆಮೇಲೆ ಹೇಳಿದಾಗ ದುರುಗಮ್ಮ ಕೇಳಿದ್ದು ಒಂದೇ ಮಾತು: “ಯಾವ ಹೆಸರಿಗೆ?”

ಏಪ್ರಿಲ್‌ನಲ್ಲಿ ಆದೇಶ ಬಂತು. ಜಮೀನನ್ನು ಸರ್ಕಾರದ ವಶಕ್ಕೆ ಪಡೆಯತಕ್ಕದ್ದು. ಮೂಲ ಮಂಜೂರಾತಿದಾರರಾದ ದುರುಗಮ್ಮ ಇವರು ತಮ್ಮ ಗುರುತನ್ನು ಆಧಾರ್ ಮೂಲಕ ದೃಢಪಡಿಸಿ ಅರ್ಜಿ ಸಲ್ಲಿಸಿದಲ್ಲಿ ಜಮೀನನ್ನು ಅವರಿಗೆ ಮರಳಿಸತಕ್ಕದ್ದು. ಇಷ್ಟು ನ್ಯಾಯವಾದ ಆದೇಶವನ್ನು ನಾನು ಓದಿಲ್ಲ. ಒಂದು ಅಕ್ಷರವೂ ತಪ್ಪಿಲ್ಲ. ಮೇಲ್ಮನವಿ ಹಾಕಿಸಿದ್ದೇನೆ, ಅದು ಈಗಲೂ ಬಾಕಿ ಇದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಇದನ್ನು ಓದುವವರಿಗೆ ಸುಳ್ಳು ಭರವಸೆ ಕೊಡಲಾರೆ.

ಆದೇಶ ಜಾರಿ ಮಾಡುವ ಕೆಲಸವೂ ನನ್ನ ಕಚೇರಿಗೇ ಬಂತು. ಬಸವರಾಜ ಹೋಗಿ ಹೊಲದ ಬದುವಿನಲ್ಲಿ ‘ಸರ್ಕಾರಿ ಜಾಗ, ಅತಿಕ್ರಮ ಪ್ರವೇಶ ನಿಷೇಧಿಸಿದೆ’ ಎಂಬ ಬೋರ್ಡು ನೆಟ್ಟು ಬಂದ. ಅವನು ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ.

ಜೂನ್ ಕೊನೆಗೆ ನಿವೃತ್ತಳಾದೆ. ಹಾರ, ಶಾಲು, ಭಾಷಣ ಎಲ್ಲ ಆಯಿತು. ಭಾಷಣ ಮಾಡಿದವರೊಬ್ಬರು ಆ ಮೂವತ್ತೆಂಟು ಪಹಣಿಗಳ ಸಾಧನೆಯನ್ನು ನೆನೆದರು. ನಾಲ್ಕು ದಿನ ಬಿಟ್ಟು ಬಸ್ಸು ಹತ್ತಿ ಆ ಊರಿಗೆ ಹೋದೆ. ಕ್ಷಮೆ ಕೇಳಬೇಕು ಎಂದು ಹೋದೆನೋ, ಕ್ಷಮಿಸಿದ್ದೇನೆ ಎನ್ನಿಸಿಕೊಳ್ಳಬೇಕು ಎಂದು ಹೋದೆನೋ ನನಗೇ ಗೊತ್ತಿಲ್ಲ. ಮೊಹರಂ ನಡೆದಿತ್ತು. ಮಸೂತಿಯಲ್ಲಿ ದೇವರು ಕೂತಿದ್ದರು, ಜನ ಸಕ್ಕರೆಯ ನೈವೇದ್ಯ ಓದಿಸಲು ಬಂದು ಹೋಗುತ್ತಿದ್ದರು.

ದುರುಗಮ್ಮ ಮಸೂತಿಯಲ್ಲಿರಲಿಲ್ಲ, ಎದುರಿನ ದಾರಿಯಲ್ಲಿದ್ದಳು. ದಢೇಸುಗೂರು ಕಡೆ ಕಾಲುವೆಯ ಹೊಲಗಳಿಗೆ ಭತ್ತದ ನಾಟಿಗೆಂದು ಹೋಗುವ ಕೂಲಿ ಹೆಂಗಸರ ಗುಂಪು ಅಲ್ಲಿ ಹೆಸರು ಬರೆಸಲು ಕಾಯುತ್ತಿತ್ತು, ಅವಳು ಆ ಗುಂಪಿನಲ್ಲಿ ನಿಂತಿದ್ದಳು. ಅರವತ್ತು ದಾಟಿದವಳು, ಎಂದೂ ಇನ್ನೊಬ್ಬರ ಕೆಸರಿಗೆ ಇಳಿಯದವಳು. ಕೈಯಲ್ಲಿ ಲಾಡಿ ಇರಲಿಲ್ಲ. ಮೌಲಾಸಾಬರು ಮಸೂತಿಯ ಕಟ್ಟೆಯ ಮೇಲೆ ನಿಂತು ‘ಹುಸೇನಬಿ, ಬಾರಮ್ಮಾ, ನಿನ್ನ ದಾರ ಐತಿ’ ಎಂದು ಕರೆದರು. ಅವಳು ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ತಿರುಗಲಿಲ್ಲ.

ನಾನು ಹತ್ತಿರ ಹೋಗಿ, ಯಾಕೆ ಓ ಅನ್ನುತ್ತಿಲ್ಲ, ಉಸಿರಿನ ಹರಕೆಯಲ್ಲವೇ ಎಂದೆ.

“ಓ ಅಂದ್ರ ಮತ್ತ ಯಾವನರ ಬರಕೊಂತಾನ” ಎಂದಳು. “ದುರುಗಮ್ಮ ಅಂದ್ರ ದೇವರು ಉಸಿರು ತಗೊಂತಾನ, ಹುಸೇನಬಿ ಅಂದ್ರ ಸರಕಾರ ಹೊಲ ತಗೊಂತೈತಿ. ಹೊಲ ಅಂತೂ ಹೋತು. ಉಸಿರು ಇದ್ದು ಏನ ಮಾಡೋದೈತಿ?”

ನನಗೆ ಅಳು ಬಂತು. ಅವಳಿಗೆ ಅದು ಇಷ್ಟವಾಗಲಿಲ್ಲ.

ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಬಹಳ ಇಲ್ಲ. ಬೇಡ ಎನ್ನುವವರನ್ನು ಹೂಂ ಎನ್ನಿಸುವುದೇ ಅಧಿಕಾರಿಯ ಜಾಣತನ ಎಂದು ನಂಬಿದ್ದೆ, ಅದರಲ್ಲಿ ನಾನು ಗಟ್ಟಿಗಿತ್ತಿಯಾಗಿದ್ದೆ. ಬೇಡ ಎಂದ ಜನರ ಎದುರು ಕೂತು, ಅವರ ಬೇಡದೊಳಗೆ ಏನಿದೆ ಎಂದು ಕೊನೆಯವರೆಗೂ ಕೇಳಬೇಕು. ಕೇಳಿಯೂ ಅವರು ಕೇಳಿದ್ದನ್ನು ಕೊಡಲಾಗದಿದ್ದರೆ ‘ಬಾಕಿ’ ಎಂದು ಬರೆದು ಎದ್ದು ಬರಬೇಕು. ಬಾಕಿ ಎಂದು ಬರೆಯುವ ಧೈರ್ಯ ನನಗಿದ್ದಿದ್ದರೆ ದುರುಗಮ್ಮ ಆ ವಾರ ತನ್ನ ಎರೆಹೊಲದಲ್ಲಿ ತೊಗರಿ ಬಿತ್ತುತ್ತಿದ್ದಳು. ತಿಳಿವಳಿಕೆ ಬಂದದ್ದು ನನಗೆ, ಹೊಲ ಹೋದದ್ದು ಅವಳಿಗೆ.

ಟ್ರ್ಯಾಕ್ಟರ್ ಬಂತು. ಗುಂಪಿನ ಮೇಸ್ತ್ರಿ ಹಾಳೆ ಹಿಡಿದು ಒಬ್ಬೊಬ್ಬರ ಹೆಸರು ಕೇಳಿ ಹತ್ತಿಸುತ್ತಿದ್ದ. ದುರುಗಮ್ಮನ ಸರದಿ ಬಂದಾಗ ಅವಳು ಟ್ರ್ಯಾಕ್ಟರಿನ ಅಂಚು ಹಿಡಿದು ಮಸೂತಿಯ ಕಡೆ ನೋಡಿದಳು.

“ಹೆಸರು ಹೇಳಬೇ ಆಯಿ, ಹೊತ್ತಾಕ್ಕೈತಿ.”

“ಒಂದು ಆಳು ಅಂತ ಬರಕೋ” ಎಂದಳು. ಮೇಸ್ತ್ರಿ ಹಾಗೇ ಬರೆದುಕೊಂಡ. ಅವಳು ಟ್ರ್ಯಾಕ್ಟರ್ ಹತ್ತಿದಳು.